ಕದಿರಿಯ ಕೈಗಳು

ಕದಿರಿಗೆ ಕಿವಿ ಕೇಳುತ್ತಿರಲಿಲ್ಲ. ಹುಟ್ಟಿದಂದಿನಿಂದಲೂ ಕೇಳುತ್ತಿರಲಿಲ್ಲ. ಅವಳಿಗೆ ಈಗ ಮೂರು ವರ್ಷ ನಾಲ್ಕು ತಿಂಗಳು. ಒಂಬತ್ತು ತಿಂಗಳ ಹಿಂದೆ ತಾನೇ ಹಳ್ಳಿಗೆ ಒಯ್ದು ಬಿಟ್ಟುಬಂದಿದ್ದ ಆ ಮಗಳನ್ನು ವಾಪಸು ಕರೆತರಲು ಕೋದಂಡಪ್ಪ ಭಾನುವಾರ ಬೆಳಿಗ್ಗೆ ಉರಿಗಾಂ ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ಗಾಡಿಗೆ ಕಾಯುತ್ತಿದ್ದ. ಪ್ಲಾಟ್‌ಫಾರಮಿನ ನಡುವೆ ನಿಲ್ಲದೆ ತುದಿಗೆ ಹೋಗಿ ನೀರಿನ ತೊಟ್ಟಿಯ ಮರೆಯಲ್ಲಿ ನಿಂತ. ಗಣಿ ಕೆಲಸಗಾರರ ಮನೆಸಾಲಿನ, ಅಂದರೆ ಲೈನಿನವರು ಯಾರಾದರೂ ನೋಡಿ ಎಲ್ಲಿಗೆ ಹೊರಟೆ ಎಂದರೆ ಉತ್ತರ ಕೊಡಬೇಕಾಗುತ್ತದೆ. ಮಗಳನ್ನು ಕರೆದುಕೊಂಡು ಬರೋಕೆ ಎಂದರೆ, ಯಾವ ಮಗಳು ಎನ್ನುತ್ತಾರೆ. ಒಂಬತ್ತು ತಿಂಗಳಲ್ಲಿ ಜನ ಅವಳನ್ನು ಮರೆತಿರಬಹುದೆಂಬ ಆಸೆ ಅವನಿಗೆ ಒಳಗೊಳಗೇ ಇತ್ತು. ಆ ಆಸೆ ತನಗಿದೆ ಎಂದು ಈಗ ಗೊತ್ತಾಗಿ ಮುಖ ಬಿಸಿಯಾಯಿತು. ಮನೆ ಬಿಡುವಾಗ ಹೆಂಡತಿ ಅಮ್ಮಾಜಮ್ಮ ಅಂಬಲಿಯ ಲೋಟವನ್ನು ಅವನ ಕೈಗೆ ಕೊಡದೆ ನೆಲದ ಮೇಲೆ ಇಟ್ಟಿದ್ದಳು. ಒಂಬತ್ತು ತಿಂಗಳಿಂದಲೂ ಹಾಗೇ ಇಡುತ್ತಿದ್ದಳು. ಇವತ್ತು ಮಾತ್ರ ಬಾಗಿಲವರೆಗೆ ಬಂದು, ಚಿಕ್ಕವಳು ಕನಕಳನ್ನು ಸೊಂಟದಲ್ಲಿ ಸರಿಮಾಡಿಕೊಳ್ಳುತ್ತ, ಅವನ ಮುಖ ನೋಡದೆ ಹೇಳಿದಳು:

"ನಾನು ಎಂಗ್ ಕಳ್ಸಿದ್ನೋ ಅಂಗೇ ಕರ್ಕಂಬಾ ಮಾಮ. ಬೇರೆ ಏನೂ ಬ್ಯಾಡ ನಂಗೆ."

"ಮಾಮ, ಟಾಟಾ" ಎಂದಳು ಕನಕ. ಅಮ್ಮ ಕರೆಯುವುದನ್ನು ಕೇಳಿ ಕೇಳಿ ಅವಳೂ ಅಪ್ಪನನ್ನು ಮಾಮ ಎಂದೇ ಕರೆಯುತ್ತಿದ್ದಳು. ಎರಡು ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು, ಆಗಲೇ ಬಾಯಿ ತುಂಬ ಮಾತು. ಇದಕ್ಕಾಗಿಯೇ ತಾನು ಅದೆಲ್ಲ ಮಾಡಿದ್ದು ಎಂದು ಅವನು ದಿನಕ್ಕೊಂದು ಸಲವಾದರೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಣಿಯಿಂದ ಚಿನ್ನ ತೆಗೆದು ಸುರಿದ ಸಯನೈಡು ಮಣ್ಣಿನ ಬಿಳಿ ದಿಬ್ಬಗಳು ಹಿಂದೆ ಸರಿದವು. ಬೇರೆ ಊರಿನ ಅಪ್ಪನಾಗಿದ್ದರೆ ಮಗುವಿಗೆ ಕಿವಿ ಕೇಳುವುದಿಲ್ಲ ಎಂಬುದು ನಾಲ್ಕೈದು ತಿಂಗಳಲ್ಲೇ ಗೊತ್ತಾಗುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಇಲ್ಲಿ ನೆಲದಡಿ ತುಂಬ ಆಳದಲ್ಲಿ ಬಂಡೆ ತಾನಾಗಿಯೇ ಸಿಡಿಯುತ್ತದೆ. ಲೈನಿನವರು ಅದನ್ನು ಏರ್‌ಬ್ಲಾಸ್ಟು ಎನ್ನುತ್ತಾರೆ. ಸಿಡಿದಾಗ ಮೇಲೆ ಮನೆಗಳು ನಡುಗುತ್ತವೆ, ಗೂಡಿನಲ್ಲಿಟ್ಟ ಪಾತ್ರೆಗಳು ಉರುಳುತ್ತವೆ, ಎಲ್ಲ ಮಕ್ಕಳೂ ಒಟ್ಟಿಗೆ ಬೆಚ್ಚಿ ಅಳುತ್ತವೆ. ಕದಿರಿಯೂ ಬೆಚ್ಚುತ್ತಿದ್ದಳು. ಮೂರು ತಿಂಗಳ ಕೂಸು ಚಾಪೆಯ ಮೇಲೆ ಎರಡೂ ಕೈ ಅಗಲಿಸಿ, ಬಾಯಿ ತೆರೆದು, ಉಸಿರು ಕಟ್ಟಿ, ಆಮೇಲೆ ಅಳುತ್ತಿತ್ತು. ಪಕ್ಕದ ಮನೆಯ ನರಸಮ್ಮ ಮಗುವಿನ ಹಿಂದೆ ನಿಂತು ಎರಡು ಸಲ ಕೂಗಿ, "ಏನ್ ಕೋದಂಡಣ್ಣ, ತಿರುಗೇ ನೋಡಲ್ವಲ್ಲ ನಿನ್ ಮಗಳು" ಎಂದಾಗ ಅವನು ನಕ್ಕಿದ್ದ. "ಪಾತಾಳದಾಗೆ ಬಂಡೆ ಒಡೆದ್ರೆ ಕೇಳ್ತದೆ ಅದಕ್ಕೆ. ನಿನ್ ಗಂಟಲು ಹಿಡಿಸಿಲ್ಲ, ಅಷ್ಟೇಯ." ನಲ್ಲಿಯ ಹತ್ತಿರ ನಿಂತಿದ್ದವರೆಲ್ಲ ನಕ್ಕಿದ್ದರು, ನರಸಮ್ಮನೂ ನಕ್ಕಿದ್ದಳು. ಆ ಮಾತು ಲೈನಿನಲ್ಲಿ ನಾಲ್ಕು ದಿನ ಓಡಾಡಿತು. ಅವನು ಅದನ್ನು ಗಣಿಯೊಳಗೂ ಹೇಳಿ ನಗಿಸಿದ.

ಮಗುವಿಗೆ ಹತ್ತು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಅವನು ಅವಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ. ನೆಲದೊಳಗೆ ದೊಡ್ಡದೊಂದು ಸದ್ದಾಯಿತು. ತಗಡಿನ ಸೂರು ಗಡಗಡ ಅಂದಿತು. ನರಸಮ್ಮನ ಮಗು ಕಿರುಚಿಕೊಂಡಿತು, ಬೀದಿಯ ನಾಯಿಗಳು ಓಡಿದವು. ಹೆಗಲ ಮೇಲಿದ್ದ ಕದಿರಿ ಅವನ ಅಂಗಿಯ ಗುಂಡಿಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಚೀಪುವುದನ್ನು ನಿಲ್ಲಿಸಲಿಲ್ಲ. ಅವನು ಮೆಲ್ಲಗೆ ಬಗ್ಗಿ ತನ್ನ ಕಾಲ ಕೆಳಗಿನ ನೆಲ ನೋಡಿದ. ಅವಳು ಇದುವರೆಗೆ ಬೆಚ್ಚಿದ್ದೆಲ್ಲ ಚಾಪೆಯ ಮೇಲೆ, ನೆಲದ ಮೇಲೆ. ಕಿವಿಯಿಂದ ಅಲ್ಲ, ಬೆನ್ನಿನಿಂದ. ಅರ್ಥವಾಗಲು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಪಾತಾಳದ ಮಾತು ಹೇಳಿ ನಗಿಸಿದ್ದವನು ಈಗ ಯಾವ ಬಾಯಲ್ಲಿ ಹೇಳುವುದು ಎಂಬುದೇ ಅವನ ಮೊದಲ ಯೋಚನೆಯಾಗಿತ್ತು. ಮಗುವಿನ ಯೋಚನೆ ಆಮೇಲೆ ಬಂತು. ಇದು ಅವನಿಗೆ ನೆನಪಿತ್ತು, ಯಾವುದು ಮೊದಲು ಬಂತು ಯಾವುದು ಆಮೇಲೆ ಎಂಬುದು.

ಮಕ್ಕಳ ತೂಕ ನೋಡಲು ತಿಂಗಳಿಗೊಮ್ಮೆ ಬರುತ್ತಿದ್ದ ಆಸ್ಪತ್ರೆಯ ನರ್ಸು ಕದಿರಿಯ ಹಿಂದೆ ಕೂತು, ಲೋಟಕ್ಕೆ ಚಮಚ ಬಡಿದು ನೋಡಿದಳು. ಅಮ್ಮಾಜಮ್ಮ ಪಕ್ಕದಲ್ಲಿದ್ದಳು. ಮಗು ಕೋದಂಡಪ್ಪನ ತೊಡೆಯ ಮೇಲಿತ್ತು. ಸದ್ದಾದ ಕೂಡಲೇ ಅವನ ಹೆಬ್ಬೆರಳು ಲಂಗದ ಕೆಳಗೆ ಮಗುವಿನ ತೊಡೆಯನ್ನು ಒತ್ತಿತು. ಮಗು ಹೊರಳಿ ತಿರುಗಿತು. "ಗುಡ್" ಎಂದಳು ನರ್ಸು. ಇನ್ನೊಂದು ಕಡೆ ಬಡಿದಳು. ಅವನು ಇನ್ನೊಂದು ತೊಡೆ ಒತ್ತಿದ. ಮಗು ಆ ಕಡೆಯೂ ತಿರುಗಿತು. ಅವಳು ಪುಸ್ತಕದಲ್ಲಿ ಏನೋ ಬರೆದುಕೊಂಡು, "ಸ್ವಂತದಲ್ಲಿ ಮದುವೇನಾ?" ಎಂದು ಕೇಳಿದಳು. "ಇಲ್ಲ ಮೇಡಂ, ದೂರದ ಸಂಬಂಧ" ಎಂದ. ಅಮ್ಮಾಜಮ್ಮ ನೆಲ ನೋಡಿದಳು. ಅವಳು ಅವನ ಸ್ವಂತ ಅಕ್ಕನ ಮಗಳು. ಅವಳು ಹುಟ್ಟಿದಾಗ ಅವನಿಗೆ ಹನ್ನೆರಡು ವರ್ಷ. ಅವಳನ್ನು ಸೊಂಟದಲ್ಲಿ ಹೊತ್ತು ಕೆರೆ ಏರಿಯ ಮೇಲೆ ಓಡಾಡಿ, ಅಗೋ ಕೊಕ್ಕರೆ, ಅಗೋ ಎಮ್ಮೆ ಎಂದು ತೋರಿಸಿ ಮಾತು ಕಲಿಸಿದವನು ಅವನೇ. ಅವಳ ಮೊದಲ ಮಾತು ಅಮ್ಮ ಅಲ್ಲ, ಮಾಮ. ಊರವರೆಲ್ಲ ಅದನ್ನೇ ಹೇಳಿ ಮದುವೆಯಲ್ಲಿ ತಮಾಷೆ ಮಾಡಿದ್ದರು. ನರ್ಸು ಹೋದಮೇಲೆ ಅಮ್ಮಾಜಮ್ಮ ಮಗುವಿನ ಲಂಗ ಎತ್ತಿ ನೋಡಿದಳು. ಎರಡು ತೊಡೆಯ ಮೇಲೂ ಉಗುರಿನ ಗುರುತು ಕೆಂಪಗೆ ಇತ್ತು. ಅವಳು ಲಂಗ ಇಳಿಸಿದಳು.

ಬಂಗಾರಪೇಟೆಯಲ್ಲಿ ಇಳಿದಾಗ ಕಾಮಸಮುದ್ರದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಹೋಟೆಲಿನ ಮುಂದಿನ ಬೆಂಚಿನಲ್ಲಿ ಕೂತು ಟೀ ಹೇಳಿದ. ಎದುರಿಗೆ ಯಾರದೋ ಹೆಣ್ಣುಮಗು ಮಣ್ಣಿನಲ್ಲಿ ಕೂತು ಬೀಡಿ ಕಟ್ಟಿನ ಕಾಗದದಲ್ಲಿ ಕಲ್ಲನ್ನು ಸುತ್ತಿ ಮಲಗಿಸುತ್ತ, ಜೋ ಜೋ ಎನ್ನುತ್ತಿತ್ತು. ಕದಿರಿಗೆ ಜೋ ಜೋ ಇರಲಿಲ್ಲ, ಮಿಕ್ಕಿದ್ದೆಲ್ಲ ಇತ್ತು. ಒಂದೂವರೆ ವರ್ಷಕ್ಕೆ ಜೋಳದ ದಿಂಡನ್ನು ತೊಡೆಯ ಮೇಲೆ ಹಾಕಿಕೊಂಡು ಕರಟದಲ್ಲಿ ಮಣ್ಣು ಕಲಸಿ ತಿನ್ನಿಸುತ್ತಿದ್ದಳು. ದಿಂಡು ತಿನ್ನದಿದ್ದರೆ ಬೆರಳು ಅಲ್ಲಾಡಿಸಿ ಗದರುತ್ತಿದ್ದಳು. ಬಾಯಿ ಒರೆಸಿ, ಬೆನ್ನು ತಟ್ಟಿ, ತೇಗು ಬಂದ ಮೇಲೆ ಮಲಗಿಸುತ್ತಿದ್ದಳು. ನರಸಮ್ಮನ ಅದೇ ವಯಸ್ಸಿನ ಮಗಳು ಪಕ್ಕದಲ್ಲಿ ಬಾಯಿ ಬಡಿದುಕೊಳ್ಳುತ್ತ ಇದೇ ಆಟ ಆಡುತ್ತಿತ್ತು, ಇದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಿಲ್ಲ. ಒಂದು ಸಂಜೆ ಕದಿರಿ ಖಾಲಿ ಕರಟವನ್ನು ಅವನ ಮುಂದೆ ಹಿಡಿದು, ಎರಡು ಕೈಯ ಬೆರಳುಗಳನ್ನೂ ಮೇಲಕ್ಕೆ ಅಲುಗಾಡಿಸಿ, ಹಬೆ ಏಳುವಂತೆ ತೋರಿಸಿದಳು. ಬಿಸಿ. ಅವನು ಊದಿ ಊದಿ ಕುಡಿದ. ಸುಟ್ಟುಕೊಂಡವನಂತೆ ನಾಲಿಗೆ ಚಾಚಿದ. ಅವಳು ನಕ್ಕು ನಕ್ಕು ಹಿಂದಕ್ಕೆ ಬಿದ್ದಳು. ನಗುವಾಗ ಅವಳಿಗೆ ಒಂದು ಒಡಕು ದನಿ ಬರುತ್ತಿತ್ತು, ಕತ್ತೆಮರಿಯ ದನಿಯಂತೆ. ನಲ್ಲಿಯ ಕಡೆಯಿಂದ ಯಾರೋ ತಿರುಗಿ ನೋಡಿದರು. ಅವನು ಕರಟವನ್ನು ಕೆಳಗಿಟ್ಟು ಎದ್ದು ಒಳಗೆ ಹೋದ. ಅವಳು ಅದನ್ನು ಎತ್ತಿಕೊಂಡು ಹಿಂದೆಯೇ ಬಂದಳು, ಬೆರಳು ಅಲುಗಾಡಿಸುತ್ತ. ಹೊಸ್ತಿಲಲ್ಲಿ ಬಹಳ ಹೊತ್ತು ಹಾಗೇ ನಿಂತಿದ್ದಳು.

ಟೀ ತಣ್ಣಗಾಗಿತ್ತು. ಅವಳು ಕೈಯಲ್ಲಿ ಮಾತಾಡುವುದನ್ನು ಯಾರೂ ಕಲಿಸಲಿಲ್ಲ. ಅಮ್ಮಾಜಮ್ಮ ಅವಳಿಂದ ಕಲಿತಳು. ಅವನಿಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಇಲ್ಲ, ಉರಿಯುತ್ತಿದ್ದುದು ಬೇರೆಯವರು ನೋಡುತ್ತಿದ್ದಾಗ ಮಾತ್ರ. ಮನೆಯೊಳಗೆ ಬಾಗಿಲು ಹಾಕಿದ್ದಾಗ ಅವನಿಗೂ ಅರ್ಧ ಅರ್ಥವಾಗುತ್ತಿತ್ತು. ಬಾಗಿಲು ತೆರೆದಿದ್ದರೆ ಏನೂ ಅರ್ಥವಾಗದವನಂತೆ ಇರುತ್ತಿದ್ದ. ಅವನ ಜೊತೆ ಡ್ರಿಲ್ಲಿಂಗ್ ಮೆಷಿನ್ನು ಹಿಡಿಯುತ್ತಿದ್ದ ತಮಿಳಿನವನು ಮುನಿಶಾಮಿ ಒಂದು ಸಲ ಮನೆಗೆ ಬಂದು, ಮಗು ನೀರು ಕೇಳಿದ್ದನ್ನು ನೋಡಿ ತಾನೇ ಎದ್ದು ಕೊಟ್ಟ. ಅವನ ಮುಖದಲ್ಲಿ ಆಶ್ಚರ್ಯವೂ ಇರಲಿಲ್ಲ.

"ಏಂಪಾ ಕೋದಂಡಂ, ಎಂಟು ಗಂಟೆ ಟೈಮು ಕೆಳಗೆ ನಾವಿಬ್ರೂ ಕೈಯಾಗೆ ತಾನೇ ಮಾತು ಪೇಸ್ತೀವಿ? ಮೆಷಿನ್ ಸದ್ದಿಗೆ ಬಾಯಿ ಯಾವನಿಗೆ ಬೇಕು? ನಮ್ಮನ್ನ ಯಾವನಾದ್ರೂ ಮೂಗ ಅಂದ್ನಾ?"

"ಅದು ಕೆಲಸ ಕಣಣ್ಣ" ಎಂದ ಕೋದಂಡಪ್ಪ. "ಇದು ಎಣ್ಮಗು."

"ಓ. ಎಣ್ಮಗುಗೆ ಕೈ ಇಲ್ವಾ?" ಎಂದು ಮುನಿಶಾಮಿ ನಕ್ಕ. ಮಾರನೇ ದಿನ ಗಣಿಯ ಕೆಳಗೆ ಮುನಿಶಾಮಿ ಎಂದಿನಂತೆ ಎರಡು ಬೆರಳು ಎತ್ತಿ, ಮುಷ್ಟಿ ತಿರುಗಿಸಿ, ನೀರು ಬಿಡು ಎಂದು ಸನ್ನೆ ಮಾಡಿದ. ಕೋದಂಡಪ್ಪನಿಗೆ ಕೈ ಎತ್ತಿ ಉತ್ತರ ಕೊಡಲು ನಾಚಿಕೆಯಾಯಿತು. ಬಾಯಿ ಹರಿಯುವಂತೆ ಕೂಗಿದ. ಧೂಳು ಗಂಟಲಿಗೆ ಹೋಗಿ ಕೆಮ್ಮಿದ. ಮುನಿಶಾಮಿಗೆ ಕೇಳಲಿಲ್ಲ.

ಬಸ್ಸು ಬಂತು. ಮುಂದಿನ ಸೀಟಿನ ಹೆಂಗಸೊಬ್ಬಳು ಕೋಳಿಯ ಕಾಲು ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದಳು. ಕನಕ ಹುಟ್ಟಿದ್ದು, ಎಂಟು ತಿಂಗಳಿಗೆ ಬಾಬಾಬಾ ಎಂದದ್ದು, ಅವನು ಆ ದಿನ ಲೈನಿನಲ್ಲೆಲ್ಲ ಹೇಳಿಕೊಂಡು ಬಂದದ್ದು ನೆನಪಾಯಿತು. ಆಮೇಲೆ ಆ ಬಾಬಾ ಕಡಿಮೆಯಾಯಿತು. ಕನಕಳಿಗೆ ಅಕ್ಕನ ಕೈಗಳೇ ಆಟಿಕೆ. ಇಬ್ಬರೂ ಮಂಚದ ಕೆಳಗೆ ಕೂತು ಗಂಟೆಗಟ್ಟಲೆ ಆಡುತ್ತಿದ್ದರು. ಕದಿರಿ ಡಬ್ಬಿಯ ಮುಚ್ಚಳವನ್ನು ಬಟ್ಟೆಯ ಕೆಳಗೆ ಅಡಗಿಸಿ ಎರಡು ಅಂಗೈಯನ್ನೂ ಬರಿದು ತೋರಿಸುತ್ತಿದ್ದಳು: ಇಲ್ಲ. ಬಟ್ಟೆ ಎಳೆದು ಎದೆ ತಟ್ಟಿಕೊಳ್ಳುತ್ತಿದ್ದಳು: ಇದೆ. ಕನಕ ಗಹಗಹಿಸುತ್ತಿದ್ದಳು. ಹನ್ನೆರಡನೇ ತಿಂಗಳಿಗೆ ಕನಕ ಹಾಲು ಬೇಕೆಂದಾಗ ಅಕ್ಕನಂತೆಯೇ ಮುಷ್ಟಿ ಹಿಂಡಿ ತೋರಿಸಿದಳು. ಅಮ್ಮಾಜಮ್ಮ ಖುಷಿಯಾಗಿ ಇಬ್ಬರಿಗೂ ಹಾಲು ಕೊಟ್ಟಳು. ಮಾತು ಬರುವ ಮಗುವೇ ಅದು, ಮಾತಿಗಿಂತ ಮೊದಲು ಕೈ ಬಂದಿದೆ, ಅಷ್ಟೇ. ಅದು ಅವನಿಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕನಕ ಮಲಗಿದ್ದಾಗ ಅವನು ಲೋಟ ಬೀಳಿಸಿ ನೋಡಿದ್ದ, ಅದೂ ಮಗು ಅಮ್ಮನ ತೋಳಿನಲ್ಲಿದ್ದಾಗ, ನೆಲಕ್ಕೆ ತಾಗದಂತೆ. ಕಣ್ಣು ಬಿಟ್ಟು ಅತ್ತಿತ್ತು. ಕೇಳುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ಆದರೆ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕನಕ ನರಸಮ್ಮನ ಕಡೆ ಮುಷ್ಟಿ ಹಿಂಡಿ ತೋರಿಸಿದಳು. ನರಸಮ್ಮ ಬಿಂದಿಗೆ ಕೆಳಗಿಟ್ಟಳು.

"ಅಯ್ಯೋ ಸಿವನೇ, ಇದೂ ಮೂಗೀನಾ? ಜೋಡಿ ಮಾಡ್ಕಂಬುಟ್ಯಲ್ಲ ಕೋದಂಡಣ್ಣ! ಇದಕ್ಕೆ ಯಾವ ಪಾತಾಳದ ಸದ್ದು ಕೇಳ್ತದೆ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಅವನು ಒಳಗೆ ಬಂದು, ಹಾಲು ಕೇಳಿದ್ದು ಕನಕಳಾದರೂ, ಮಂಚದ ಕೆಳಗಿದ್ದ ಕದಿರಿಯನ್ನು ಎಳೆದು ಅವಳ ಎರಡೂ ಕೈಗಳ ಮೇಲೆ ಹೊಡೆದ. ಮೊದಲ ಹೊಡೆತಕ್ಕೆ ಅವಳು ಆಟವೆಂದು ನಕ್ಕಳು. ಆಮೇಲೆ ದಿನವೂ ಹೊಡೆದ. ಕೈ ಸುಮ್ಮನಿದ್ದರೆ ಬಾಯಿ ತಾನಾಗಿ ಬರುತ್ತದೆ ಎಂದು ಹೆಂಡತಿಗೆ ಹೇಳಿದ, ಯಾರೋ ಡಾಕ್ಟರು ಹೇಳಿದರು ಎಂದ. ಯಾವ ಡಾಕ್ಟರೂ ಹೇಳಿರಲಿಲ್ಲ. ಅವನು ಯಾವ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ. ತಿಂಗಳು ತುಂಬುವುದರೊಳಗೆ ಕದಿರಿಯನ್ನು ಅಕ್ಕನ ಮನೆಗೆ ಬಿಟ್ಟುಬಂದ. ಚಿಕ್ಕವಳಿಗೆ ಮಾತು ಬಂದ ಮೇಲೆ ಕರೆತರುತ್ತೇನೆ ಎಂದು ಅಮ್ಮಾಜಮ್ಮನಿಗೆ ಮಾತು ಕೊಟ್ಟ. ಎರಡನೇ ತಿಂಗಳಿಗೇ ಕನಕ ಮಾಮ ಎಂದಳು, ನಾಲ್ಕನೆಯದಕ್ಕೆ ಕಾಗೆ, ನೀರು, ಬೇಡ, ಕೊಡು. ಅವನು, ಶಿಫ್ಟು ಬದಲಾಗಲಿ ಎಂದ. ಆಮೇಲೆ ಬೇಸಗೆ ಕಳೆಯಲಿ ಎಂದ. ಮನೆಯಲ್ಲಿ ಮಾತಿತ್ತು, ಬಾಗಿಲು ತೆರೆದೇ ಇರುತ್ತಿತ್ತು, ನರಸಮ್ಮ ಬಂದು ಕನಕಳ ಬಾಯಲ್ಲಿ ಪದ ಹೇಳಿಸಿ ನಗುತ್ತಿದ್ದಳು. ಐದು ತಿಂಗಳು ಅವನು ಅದನ್ನು ಸುಮ್ಮನೆ ಅನುಭವಿಸಿದ.

ಕಾಮಸಮುದ್ರದಲ್ಲಿ ಇಳಿದು ಎರಡು ಮೈಲಿ ನಡೆದು ಹಳ್ಳಿ ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಕ್ಕ ಸೊಣ್ಣಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಗು ಅವಳ ಪಕ್ಕದಲ್ಲಿ ಕೂತಿತ್ತು. ಕೂದಲು ಬೋಳಿಸಿದ್ದರು. ಮೈ ತುಂಬಿಕೊಂಡಿತ್ತು, ಕೆನ್ನೆಗೆ ಎಣ್ಣೆ ಮಿಂಚುತ್ತಿತ್ತು. ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಭಾರ ಹಾಕಿ ಕೂತಿತ್ತು. ಅವನು ಅಂಗಳ ದಾಟಿ ಬರುವುದನ್ನು ಅದು ನೋಡಿತು. ಅವನು ಯಾರೆಂದು ಅದಕ್ಕೆ ಗೊತ್ತಾಯಿತೆಂದು ಅವನಿಗೆ ಗೊತ್ತಾಯಿತು, ಯಾಕೆಂದರೆ ಅದು ಇನ್ನಷ್ಟು ಒತ್ತಿ ಕೂತಿತು.

"ಬಾರ್ಲಾ ಕೋದಂಡ! ಇವತ್ತಾದ್ರೂ ದಾರಿ ಕಾಣ್ತಲ್ಲ ನಿಂಗೆ. ನನ್ ಮಗಳು ಎಂಗವ್ಳೆ? ಚಿಕ್ಕದು ಎಂಗದೆ?"

"ಚೆನ್ನಾಗವ್ರೆ ಅಕ್ಕ. ಕನಕ ಮಾತಾಡ್ತದೆ."

"ಅಂಗಾರೆ ನೀನ್ ಏಳಿದ್ದೇ ಸರಿ ಬುಡು." ಸೊಣ್ಣಮ್ಮ ಕೈ ಒರೆಸಿಕೊಂಡಳು. ಅವಳ ಮುಖ ಅರಳಿತ್ತು. ತಮ್ಮನನ್ನು ತಾಯಿಯಿಲ್ಲದ ಮನೆಯಲ್ಲಿ ಸಾಕಿದವಳು, ಅವನು ಗಣಿಯ ಕೆಲಸಕ್ಕೆ ಸೇರಿದ ದಿನ ಊರಿಗೆಲ್ಲ ಬೆಲ್ಲ ಹಂಚಿದವಳು, ಅವನು ಹೇಳಿದ್ದನ್ನು ಯಾವತ್ತೂ ಮೀರದವಳು. "ಇವಳನ್ನ ನೋಡ್ಲಾ. ನೀನು ಏಳಿದಂಗೇ ಮಾಡ್ದೆ. ಮೊದಮೊದಲು ಬಲೇ ಕಷ್ಟ ಆಯ್ತಪ್ಪ. ಕಣ್ ಬಿಟ್ಟಾಗಿಂದ ಕೈ ಆಡ್ಸೋದೇ. ಒಡೆದ್ರೂ ಕೇಳ್ಲಿಲ್ಲ. ಆಮ್ಯಾಕೆ ಅಳೇ ಸೀರೆ ಅರಿದು ಕೈ ಎರಡೂ ಕಟ್ಟಾಕ್ದೆ. ಮೆತ್ತಗೆ ಕಟ್ತಿದ್ದೆ, ನೋಯಂಗಲ್ಲ. ಉಣ್ಣೋವಾಗ ನಾನೇ ಉಣ್ಣುಸ್ತಿದ್ದೆ. ಒಂದೂವರೆ ತಿಂಗಳು. ಈಗ ಕಟ್ಟೋದೇ ಬ್ಯಾಡ. ಅವಳೇ ಕೈ ಮಡಗ್ಕಂಡು ಕೂತ್ಕಂತಾಳೆ. ಬಂಗಾರದಂತ ಮಗು."

ಕೋದಂಡಪ್ಪ ಜಗಲಿಯ ಅಂಚಿನಲ್ಲಿ ಕೂತ. ಕಟ್ಟು ಎಂದು ಅವನು ಹೇಳಿರಲಿಲ್ಲ, ಹೊಡಿ ಎಂದಿದ್ದ. ಹಾಗೆಂದು ಈಗ ಅಕ್ಕನಿಗೆ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಮಾತು ಬಂತಾ?" ಎಂದ.

"ಮಾತು ಎಲ್ಲಿಂದ ಬತ್ತದೆ. ಆದ್ರೆ ಕೈಯಂತೂ ಓಯ್ತು." ಸೊಣ್ಣಮ್ಮ ಮಗುವಿನ ತಲೆ ಸವರಿದಳು. ಮಗು ಅಲುಗಾಡಲಿಲ್ಲ. "ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕಾಬ್ಯಾಡ. ಮೊದಲು ಬಂದಾಗ ಆಟ ಆಡೋಳು. ಕಲ್ಲು, ಕಡ್ಡಿ, ಕರಟ, ಏನ್ ಸಿಕ್ಕಿದ್ರೂ ಮಕ್ಳು ಮಾಡ್ಕಂಡು ಉಣ್ಣುಸಾಳು. ಈಗ ಆಡಲ್ಲ. ಕೈ ಕಟ್ಟುದ್ರೆ ಆಟಾನೂ ಓಯ್ತದೇನ್ಲಾ? ಡಾಕ್ಟ್ರು ಏನಂದ್ರು ಅದಕ್ಕೆ?"

ಅವನು ಹುಣಸೆಬೀಜದ ರಾಶಿಯನ್ನು ನೋಡಿದ. "ಎಲ್ಲ ಸರಿ ಆಯ್ತದೆ ಅಂದ್ರು" ಎಂದ. ಅಕ್ಕ ನಂಬಿದಳು. ತಲೆ ಆಡಿಸಿ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.

ಊಟ ಮುಗಿಸಿ ಹೊರಡುವಾಗ ಸೊಣ್ಣಮ್ಮ ಅತ್ತಳು. ಮಗುವಿಗೆ ಹೊಸ ಲಂಗ ಹಾಕಿ, ಸೆರಗಿನಿಂದ ಮೂಗು ಒರೆಸಿ, ಮುತ್ತಿಟ್ಟಳು. ಮಗು ಅವಳ ಸೆರಗು ಹಿಡಿಯಲಿಲ್ಲ. ಅವನು ಎತ್ತಿಕೊಂಡರೂ ಬೇಡವೆನ್ನಲಿಲ್ಲ. ಎರಡು ಮೈಲಿ ಅವನ ಹೆಗಲ ಮೇಲೆ ಮೂಟೆಯಂತೆ ಬಂತು. ಅವನ ಕೊರಳನ್ನು ಸುತ್ತಿಕೊಳ್ಳದೆ, ಕೈಗಳನ್ನು ತನ್ನ ಎದೆಗೂ ಅವನ ಹೆಗಲಿಗೂ ನಡುವೆ ಮಡಚಿಟ್ಟುಕೊಂಡಿತ್ತು. ದಾರಿಯಲ್ಲಿ ಮೇಕೆಯ ಹಿಂಡು ಎದುರಾಯಿತು. ಮಗು ಒಂದು ಕೈ ಹೊರಗೆಳೆದು, ಗದ್ದದ ಕೆಳಗೆ ಎರಡು ಬೆರಳು ಇಳಿಬಿಟ್ಟು, ತಕ್ಷಣ ವಾಪಸು ಎಳೆದುಕೊಂಡಿತು. ಇದೆ, ಎಲ್ಲ ಹೋಗಿಲ್ಲ. ಹೆಂಡತಿಗೆ ತೋರಿಸಲು ಒಂದಾದರೂ ಇದೆ. ಹೆಂಡತಿಗೆ ತೋರಿಸಲು ಎಂದೇ ಅವನು ಯೋಚಿಸಿದ್ದು.

ಬಸ್ಸಿನಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಬಸ್ಸು ತುಂಬಿತ್ತು. ಅವನು ಸುತ್ತ ನೋಡಿದ. ಆಮೇಲೆ ಅಂಗೈಯನ್ನು ಕರಟದಂತೆ ಬಗ್ಗಿಸಿ ಅವಳ ಮುಂದೆ ಹಿಡಿದು, ಇನ್ನೊಂದು ಕೈಯ ಬೆರಳು ಅಲುಗಾಡಿಸಿ ಹಬೆ ತೋರಿಸಿ, ಊದಿದ. ನಾಲಿಗೆ ಚಾಚಿದ. ಪಕ್ಕದ ಸೀಟಿನ ಇಬ್ಬರು ಮಾತು ನಿಲ್ಲಿಸಿದರು. ಅವನು ಇನ್ನೊಂದು ಸಲ ಊದಿದ. ಮೂವತ್ತೈದರ ಗಂಡಸು, ಇಸ್ತ್ರಿ ಮಾಡಿದ ಅಂಗಿ ಹಾಕಿದವನು, ಬರಿಗೈಯನ್ನು ಊದುತ್ತಿದ್ದ. ಹಿಂದಿನ ಸೀಟಿನವನೊಬ್ಬ, "ಏನಯ್ಯ, ಕೈ ಸುಟ್ಕಂಡ್ಯಾ?" ಎಂದ. ಯಾರೋ ಕಿಸಕ್ಕನೆ ನಕ್ಕರು. ಕೋದಂಡಪ್ಪ ನಿಲ್ಲಿಸಲಿಲ್ಲ. ಇಷ್ಟು ದಿನ ಯಾವುದಕ್ಕೆ ಹೆದರಿದ್ದನೋ ಅದು ಇಷ್ಟೇ: ಒಬ್ಬ ಕೇಳುತ್ತಾನೆ, ಇನ್ನೊಬ್ಬ ನಗುತ್ತಾನೆ, ಬಸ್ಸು ಮುಂದೆ ಹೋಗುತ್ತದೆ. ಅವನು ಕೈಯನ್ನು ಅವಳ ಮುಖಕ್ಕೆ ಇನ್ನೂ ಹತ್ತಿರ ತಂದ. ಕದಿರಿ ಆ ಕೈಯನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಆಮೇಲೆ ಕಣ್ಣು ಮುಚ್ಚಿ ಹೆಗಲು ಕುಗ್ಗಿಸಿ, ಹೊಡೆತ ಬೀಳಲಿ ಎಂದು ಕಾಯುತ್ತ ಕೂತಳು. ಬಹಳ ಹೊತ್ತು ಕಾದಳು. ಅವನು ಕೈಯನ್ನು ಜೇಬಿಗೆ ಹಾಕಿಕೊಂಡ.

ಬಂಗಾರಪೇಟೆಯಿಂದ ಗಾಡಿಯಲ್ಲಿ ಅವಳು ನಿದ್ದೆ ಹೋದಳು. ನಿದ್ದೆಯಲ್ಲಾದರೂ ಕೈ ಆಡಬಹುದು ಎಂದು ಅವನು ನೋಡುತ್ತಲೇ ಇದ್ದ. ಮೊದಲು ಆಡುತ್ತಿದ್ದವು. ಅಮ್ಮಾಜಮ್ಮ ಅದನ್ನು ಅವನಿಗೆ ತೋರಿಸಿ, "ಕನಸಿನಾಗೆ ಯಾರ್ ಜೊತೆಗೋ ಮಾತಾಡ್ತಾವಳೆ ನೋಡು ಮಾಮ" ಎಂದಿದ್ದಳು. ಅವನು ಮಗ್ಗುಲು ಬದಲಿಸಿದ್ದ. ಉರಿಗಾಂನಲ್ಲಿ ಇಳಿಯುವಾಗ ಇನ್ನೂ ಬೆಳಕಿತ್ತು. ಈಗ ಅವನು ನಡುಬೀದಿಯಲ್ಲೇ ಬಂದ. ನರಸಮ್ಮ ನಲ್ಲಿಯಿಂದ, "ಬಂತಾ ದೊಡ್ಡದು? ಗುಂಡುಗುಂಡಗೆ ಆಗದೆ" ಎಂದಳು. ಅದರಲ್ಲಿ ಕುಹಕವಿರಲಿಲ್ಲ. ಅವಳಿಗೆ ಮಗುವನ್ನು ನೋಡಿ ಸಂತೋಷವೇ ಆಗಿತ್ತು. ಅದು ಅವನಿಗೆ ತಡೆಯಲಾರದ್ದಾಯಿತು.

ಅಮ್ಮಾಜಮ್ಮ ಮಗುವನ್ನು ಅವನ ತೋಳಿನಿಂದ ತೆಗೆದುಕೊಂಡು ಒಳಗೆ ಹೋಗಿ ಚಾಪೆಯ ಮೇಲೆ ಕೂರಿಸಿದಳು. ಎದುರಿಗೆ ಕೂತು ಅವಳ ಮುಖ, ಬೋಳು ತಲೆ, ಕಾಲು ಎಲ್ಲ ಮುಟ್ಟಿ ನೋಡಿದಳು. ಕೊನೆಗೆ ಕೈಗಳನ್ನು ತೊಡೆಯ ಕೆಳಗಿನಿಂದ ಒಂದೊಂದಾಗಿ ಎಳೆದಳು. ಬಿಟ್ಟ ಕೂಡಲೇ ಅವು ಮತ್ತೆ ಒಳಗೆ ಹೋದವು. ಕನಕ ಓಡಿ ಬಂದು, "ಅಕ್ಕ, ಅಕ್ಕ, ಬಾ, ಆಟ" ಎಂದು ಅಕ್ಕನ ಕಿವಿಯ ಹತ್ತಿರವೇ ಕೂಗಿದಳು. ಉತ್ತರ ಬರದಿದ್ದಾಗ ಅಮ್ಮನ ಕಡೆ ತಿರುಗಿ, "ಅಕ್ಕ ಮಾತಾಡಲ್ಲ" ಎಂದು ದೂರು ಹೇಳಿದಳು.

"ಕೈ ಯಾರು ಕಟ್ಟಿದ್ದು?" ಎಂದಳು ಅಮ್ಮಾಜಮ್ಮ. ಮಣಿಕಟ್ಟಿನ ಸುತ್ತ ಚರ್ಮ ಸ್ವಲ್ಪ ಬಿಳಿಚಿಕೊಂಡಿದ್ದನ್ನು ಅವನು ನೋಡಿಯೇ ಇರಲಿಲ್ಲ.

ಅಕ್ಕ ಸೊಣ್ಣಮ್ಮ ಎನ್ನಬಹುದಿತ್ತು. "ನಾನು" ಎಂದ.

ಅವಳು ಮಗುವಿನ ಮುಂದೆ ತನ್ನ ಎರಡು ಕೈಗಳನ್ನೂ ಎತ್ತಿದಳು. ತಲೆಯ ಮೇಲೆ ಅಂಗೈ ಇಳಿಸಿದಳು: ಮಳೆ. ಕಾದಳು. ಮಗುವಿನ ಕೈ ಏಳದಿದ್ದಾಗ ಎಣಿಕೆಗೆ ಕಿರುಬೆರಳು ಮಡಚಿ, "ಒಂದು" ಎಂದಳು, ಯಾರಿಗೂ ಅಲ್ಲದಂತೆ. ಮೂಗಿನ ಮೇಲೆ ಬೆರಳೆಳೆದು ಬೆಕ್ಕಿನ ಮೀಸೆ. ಎರಡು. ನಿದ್ದೆ. ಬಳೆ. ಮೊಣಕೈ ಆಡಿಸಿ ರೈಲು. ಕೆಲವು ಅವನು ಕಂಡೇ ಇರಲಿಲ್ಲ. ಹೆಬ್ಬೆರಳಿನಿಂದ ಕಣ್ಣ ಕೆಳಗೆ ಗೀರಿದರೆ 'ಅಳಬೇಡ' ಎಂದಂತೆ. ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಬೆರಳು ಜೋಡಿಸಿದರೆ 'ನಾವಿಬ್ಬರೇ'. ನೆಲಕ್ಕೆ ಅಂಗೈ ಒತ್ತಿ ನಡುಗಿಸಿದರೆ 'ಕೆಳಗೆ ಯಾರೋ ಇದ್ದಾರೆ'. ಇಷ್ಟು ಮಾತು ಈ ಮನೆಯಲ್ಲಿ ತನ್ನ ಬೆನ್ನ ಹಿಂದೆ ನಡೆಯುತ್ತಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ. ಮಗು ಎಲ್ಲವನ್ನೂ ನೋಡಿತು. ನೀರಿಗೆ ಬಾಯಿಯ ಹತ್ತಿರ ಬೆರಳು ತಂದಿತು. ಮೇಕೆಗೆ ಗದ್ದದ ಕೆಳಗೆ ಬೆರಳಿಟ್ಟಿತು. ಅಮ್ಮಾಜಮ್ಮ ಒಂದು ಗಳಿಗೆ ತಡೆದು, ಅವನ ಕಡೆ ನೋಡದೆ, ಬಲಗೈಯಿಂದ ತನ್ನ ಎಡಗೈಯ ಹಿಂಭಾಗಕ್ಕೆ ರಪ್ಪನೆ ಹೊಡೆದುಕೊಂಡಳು. ಮಗು ತಕ್ಷಣ ಎರಡು ಕೈಗಳನ್ನೂ ಹೊರತೆಗೆದು ಹಾಗೆಯೇ ಹೊಡೆದುಕೊಂಡಿತು, ತಿರುಗಿ ಬಾಗಿಲಲ್ಲಿ ನಿಂತಿದ್ದ ಅವನನ್ನು ನೋಡಿತು.

"ಅದು ಏನು?" ಎಂದ ಕೋದಂಡಪ್ಪ.

"ನೀನು" ಎಂದಳು ಅಮ್ಮಾಜಮ್ಮ. "ಮೊದಲು ಅಣೆ ಮ್ಯಾಲೆ ಬೆರಳಿಡೋಳು, ನಿನ್ ಟೋಪಿ ದೀಪ. ಆಮ್ಯಾಕೆ ಬದಲಾಯಿಸ್ಕಂಡ್ಳು."

ಕನಕಳನ್ನೂ ಕರೆದು ಕೂರಿಸಿ ಅವಳು ಮತ್ತೆ ಮೊದಲಿನಿಂದ ಮಾಡಿದಳು. ಕನಕ ಅಮ್ಮನ ಕೈಯನ್ನು ನೋಡಿ ನಕ್ಕು, "ಮಳೆ ಬಂತು" ಎಂದು ಬಾಯಲ್ಲಿ ಹೇಳಿದಳು. ಅವಳ ಕೈಗಳು ಮಡಿಲಲ್ಲೇ ಇದ್ದವು. ದೀಪ ಹಚ್ಚುವ ಹೊತ್ತಿಗೆ ಅಮ್ಮಾಜಮ್ಮನ ಎಣಿಕೆ ಮುಗಿಯಿತು. ಕದಿರಿಯನ್ನು ಕಳಿಸಿದ ದಿನ ಅವಳಿಗೆ ಮೂವತ್ತೆಂಟು ಕೈಮಾತುಗಳು ಇದ್ದವು. ಮೂರು ಉಳಿದಿದ್ದವು. ಕನಕಳಿಗೆ ಹನ್ನೊಂದು ಇದ್ದವು, ಒಂದೂ ಉಳಿದಿರಲಿಲ್ಲ. ಕದಿರಿಯವು ಮೂವತ್ತೈದು, ಕನಕಳವು ಹನ್ನೊಂದು. ಒಟ್ಟು ನಲವತ್ತಾರು ಹೋಗಿದ್ದವು.